ಆರು ಅಕ್ಷರಗಳ ಸರ್ವೇ

ಬ್ರಿಟನ್ನಿನ ಪ್ರತಿಯೊಂದು ಹೊಲವನ್ನೂ ನಡೆದು ನೋಡಿ ನಕ್ಷೆ ಮಾಡಬೇಕೆಂದು 1930ರಲ್ಲಿ ಹೊರಟವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಡಡ್ಲಿ ಸ್ಟ್ಯಾಂಪ್. ಬರ್ಮಾದಲ್ಲಿ ಎಣ್ಣೆ ಹುಡುಕುವ ಭೂವಿಜ್ಞಾನಿಯಾಗಿದ್ದು, ಆಮೇಲೆ ರಂಗೂನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಬಂದವರು. ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡ್ ಸೇರಿದರೆ ಮೈಲಿಗೆ ಆರಿಂಚಿನ ನಕ್ಷೆಯ ಹಾಳೆಗಳು ಸುಮಾರು 22,000. ಅಷ್ಟನ್ನೂ ತುಂಬಿಸಲು ಸಂಬಳದ ಸರ್ವೇಯರುಗಳನ್ನು ಇಡುವಷ್ಟು ಹಣ ಇರಲಿಲ್ಲ. ನಾರ್ಥಾಂಪ್ಟನ್‌ಶೈರಿನ ಶಾಲೆಗಳು ತಮ್ಮ ಕೌಂಟಿಯ ನೆಲಬಳಕೆಯನ್ನು ಅದಕ್ಕೂ ಮೊದಲೇ ನಕ್ಷೆಗೆ ಇಳಿಸಿದ್ದವು. ಆ ಮಾದರಿ ಹಿಡಿದು ಸ್ಟ್ಯಾಂಪ್ ದೇಶದ ಮೇಷ್ಟರುಗಳನ್ನು ಕೇಳಿಕೊಂಡರು.

ಪ್ರೌಢಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವನಾದ ನನಗೆ ಈ ಸರ್ವೇಯಲ್ಲಿ ತುಂಬ ಹಿಡಿಸುವುದು ಅದರ ನಿಯಮಗಳು. ಒಟ್ಟು ಆರೇ ಅಕ್ಷರ. ಕಾಡಿಗೆ ಎಫ್, ಕಾಯಂ ಹುಲ್ಲುಗಾವಲಿಗೆ ಎಂ, ಉಳುವ ನೆಲಕ್ಕೆ ಎ, ಕುರುಚಲು ಬಯಲಿಗೆ ಎಚ್, ಕೈತೋಟ ಹಣ್ಣಿನ ತೋಟಗಳಿಗೆ ಜಿ, ಕಟ್ಟಡ, ಗಣಿ, ಸ್ಮಶಾನದಂಥ ಬೆಳೆ ಬಾರದ ಜಾಗಕ್ಕೆ ಡಬ್ಲ್ಯು. ಹತ್ತು ಹನ್ನೆರಡು ವರ್ಷದ ಮಗುವೂ ಪೆನ್ಸಿಲ್ ಹಿಡಿದು ಗುರುತು ಹಾಕಬಹುದು.

ಆದರೆ ಹುಲ್ಲು ಕಂಡ ಕೂಡಲೇ ಎಂ ಎಂದು ಬರೆಯುವಂತಿರಲಿಲ್ಲ. ಬೆಳೆ ಬದಲಾಯಿಸುವ ಸರದಿಯಲ್ಲಿ ಕೆಲವು ವರ್ಷ ಹುಲ್ಲಿಗೆ ಬಿಟ್ಟು ಮತ್ತೆ ಉಳುವ ಹೊಲವಾದರೆ ಅದು ಎ. ಬೀಳು ಬಿಟ್ಟದ್ದೂ ಎ. ಬೇಲಿಯಾಚೆ ನಿಂತು ನೋಡಿದರೆ ಕಾಯಂ ಹುಲ್ಲು, ಸರದಿಯ ಹುಲ್ಲು ಎರಡೂ ಒಂದೇ ಹಸಿರು. ಆ ಹೊಲದ ಚರಿತ್ರೆ ಗೊತ್ತಿರಬೇಕು, ಇಲ್ಲವೇ ರೈತನನ್ನು ಕೇಳಬೇಕು. ಲಂಡನ್ನಿನಲ್ಲಿ ಕೂತ ಪ್ರೊಫೆಸರಿಗೆ ಇದು ಆಗುವ ಮಾತಲ್ಲ. ಊರಿನ ಶಾಲೆಯ ಮೇಷ್ಟರಿಗೆ ರೈತನ ಪರಿಚಯವಿರುತ್ತದೆ, ಕೆಲವು ಸಲ ಗುರುತು ಹಾಕುವ ಹುಡುಗನೇ ಆ ರೈತನ ಮಗನಾಗಿರುತ್ತಾನೆ. ನನ್ನ ವಿದ್ಯಾರ್ಥಿಗಳನ್ನು ಊರಿನ ಗ್ರಾಮ ನಕ್ಷೆಯೊಂದಿಗೆ ಹೊರಗೆ ಕರೆದೊಯ್ದಾಗಲೂ ಇದನ್ನೇ ಕಂಡಿದ್ದೇನೆ. ಪಹಣಿಯಲ್ಲಿ ಖುಷ್ಕಿ ಎಂದಿದ್ದ ಸರ್ವೇ ನಂಬರಿನಲ್ಲಿ ಬೋರ್‌ವೆಲ್ ಕೊರೆದು ಅಡಿಕೆ ಇಟ್ಟವರು ಯಾರೆಂದು ಮಕ್ಕಳು ಹೆಸರು ಹಿಡಿದು ಹೇಳುತ್ತಿದ್ದರು. ಸಂಶೋಧಕರು ನಿಯಮ ಕೊಡಬಲ್ಲರು, ತೀರ್ಮಾನ ಮಾಡಲು ಊರಿನವರೇ ಬೇಕು.

ಸುಮಾರು ಎರಡೂವರೆ ಲಕ್ಷ ಮಕ್ಕಳು ಇದರಲ್ಲಿ ಕೈಜೋಡಿಸಿದರೆಂದು ಹೇಳುತ್ತಾರೆ. ಶಾಲೆಗಳಿಲ್ಲದ ಗುಡ್ಡಗಾಡುಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ನಡೆದರು. 1933ರಿಂದ ಮೈಲಿಗೆ ಒಂದಿಂಚಿನ ಬಣ್ಣದ ನಕ್ಷೆಗಳು ಅಚ್ಚಾಗತೊಡಗಿದವು. ಉಳುಮೆ ಕಂದು, ಹುಲ್ಲು ತಿಳಿಹಸಿರು, ಕಾಡು ಕಡುಹಸಿರು. ಜೊತೆಗೆ ಕೌಂಟಿವಾರು 92 ವರದಿಗಳು ಬಂದವು. ಆ ಕೆಲಸವೆಲ್ಲ ಮುಗಿಯುವ ಮೊದಲೇ ಎರಡನೇ ಮಹಾಯುದ್ಧ ಶುರುವಾಯಿತು. ಹಡಗಿನಲ್ಲಿ ಬರುತ್ತಿದ್ದ ಧಾನ್ಯಕ್ಕೆ ಕುತ್ತು ಬಂದು ಹುಲ್ಲುಗಾವಲುಗಳನ್ನು ಉಳಬೇಕಾಯಿತು. ಯಾವ ಹುಲ್ಲುಗಾವಲು ಎಲ್ಲಿದೆ ಎಂದು ತಿಳಿಯಲು ಮಕ್ಕಳು ಗುರುತು ಹಾಕಿದ ನಕ್ಷೆಗಳು ಆಗ ನೆರವಾದವು. ಭೂಗೋಳದ ಶಾಲಾಪಾಠ ದೇಶದ ಅನ್ನಕ್ಕೆ ಇಷ್ಟು ನೇರವಾಗಿ ಒದಗಿದ ಇನ್ನೊಂದು ಸಂದರ್ಭ ನನಗೆ ಗೊತ್ತಿಲ್ಲ.

ಈ ವಿಧಾನ ಭಾರತಕ್ಕೂ ಬಂತು. ಸ್ಟ್ಯಾಂಪ್ ಅವರ ಬಳಿ ಕಲಿತ ಅಲಿಗಢದ ಮೊಹಮ್ಮದ್ ಶಫಿ ಪೂರ್ವ ಉತ್ತರ ಪ್ರದೇಶದ ನೆಲಬಳಕೆಯನ್ನು ಹಳ್ಳಿ ಹಳ್ಳಿಗೆ ಹೋಗಿ ಅಧ್ಯಯನ ಮಾಡಿದರು, ಅದರ ಪುಸ್ತಕ 1960ರಲ್ಲಿ ಬಂತು. ಬಂದದ್ದು ವಿಶ್ವವಿದ್ಯಾಲಯದ ಸಂಶೋಧನೆಯಾಗಿ. ಶಾಲೆಯ ಪಾಲು ಅದರ ಜೊತೆ ಬರಲಿಲ್ಲವೆಂಬ ನೋವು ನನಗಿದೆ. ನಮ್ಮ ಹತ್ತನೇ ತರಗತಿಯ ಮಕ್ಕಳು ಭೂ ಬಳಕೆಯ ಪಾಠವನ್ನು ತಮ್ಮದೇ ಊರಿನ ಹೊಲಗಳ ನಡುವೆ ಕೂತು ಬಾಯಿಪಾಠ ಮಾಡುತ್ತಾರೆ.

ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಅಲಿಸ್ ಕೋಲ್ಮನ್ ಎರಡನೇ ಸರ್ವೇ ನಡೆಸಿದರು. ವಿಂಗಡಣೆ ಹೆಚ್ಚು ಸೂಕ್ಷ್ಮವಾಗಿತ್ತು, ಆದರೆ ಹಾಳೆಗಳಲ್ಲಿ ಒಂದು ಭಾಗವಷ್ಟೇ ಅಚ್ಚಾಯಿತು. 1996ರಲ್ಲಿ ಭೂಗೋಳ ಅಧ್ಯಾಪಕರ ಸಂಘವಾದ ಜಿಯಾಗ್ರಫಿಕಲ್ ಅಸೋಸಿಯೇಷನ್ ತಾನೇ ಮುಂದೆ ನಿಂತು, ರೆಕ್ಸ್ ವಾಲ್‌ಫರ್ಡ್ ಮುಂದಾಳತ್ವದಲ್ಲಿ, ಆಯ್ದ ಒಂದೊಂದು ಚದರ ಕಿಲೋಮೀಟರಿನ ಚೌಕಗಳಿಗೆ ಮಕ್ಕಳನ್ನು ಕಳಿಸಿತು. ಈ ಸಲ ನೆಲದಲ್ಲಿ ಏನಿದೆ ಎಂಬುದರ ಜೊತೆಗೆ, ಈ ಜಾಗ ಮುಂದೆ ಹೇಗಾಗಬಹುದು, ಹೇಗಿದ್ದರೆ ಚೆನ್ನ ಎಂಬುದನ್ನೂ ಮಕ್ಕಳನ್ನು ಕೇಳಿ ಬರೆದುಕೊಂಡರು.