ಊತದ ರೋಗಿಗಳೂ ವೈದ್ಯರ ದಾಖಲೆಗಳೂ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾಲು ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಮಲಗಿದರೆ ಉಸಿರುಗಟ್ಟಿ ಎದ್ದು ಕೂರುತ್ತಿದ್ದವರೆಲ್ಲರ ಕಾಯಿಲೆಗೂ ‘ಡ್ರಾಪ್ಸಿ’ ಎಂಬ ಒಂದೇ ಹೆಸರಿತ್ತು. ಅವರಲ್ಲಿ ಅನೇಕರದು ಇಂದು ಹೃದಯ ವೈಫಲ್ಯವೆನಿಸುವ ಸ್ಥಿತಿ, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಮುಂದಕ್ಕೆ ತಳ್ಳಲಾರದೆ ಹೃದಯ ಸೋತು, ಶ್ವಾಸಕೋಶದಲ್ಲೂ ಕಾಲುಗಳಲ್ಲೂ ನೀರು ನಿಲ್ಲುವ ಸ್ಥಿತಿ. ಆದರೆ ಹೃದಯದಿಂದ ಬಂದ ಊತವನ್ನು ಮೂತ್ರಪಿಂಡ ಅಥವಾ ಯಕೃತ್ತಿನಿಂದ ಬಂದ ಊತದಿಂದ ಬೇರ್ಪಡಿಸಿ ಗುರುತಿಸುವ ಖಚಿತ ಉಪಾಯ ಆಗಿನ ವೈದ್ಯರ ಬಳಿ ಇರಲಿಲ್ಲ.

1775ರಲ್ಲಿ ಶ್ರಾಪ್‌ಶೈರ್ ಪ್ರಾಂತದ ಒಬ್ಬ ಮುದುಕಿ ಗುಟ್ಟಾಗಿಟ್ಟುಕೊಂಡಿದ್ದ ಊತದ ಮನೆಮದ್ದಿನ ಬಗ್ಗೆ ವೈದ್ಯ ವಿಲಿಯಂ ವಿದರಿಂಗ್ ಅವರ ಅಭಿಪ್ರಾಯ ಕೇಳಲಾಯಿತು. ಸಸ್ಯಶಾಸ್ತ್ರವನ್ನೂ ಬಲ್ಲ ಅವರು, ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದ ಆ ಮಿಶ್ರಣದಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲೋವ್ ಎಂಬ ವಿಷಗಿಡವೇ, ಅಂದರೆ ಡಿಜಿಟಾಲಿಸ್ ಎಂದು ಕಂಡುಕೊಂಡು, ಬರ್ಮಿಂಗ್‌ಹ್ಯಾಮಿನಲ್ಲಿ ಹತ್ತು ವರ್ಷ ಅದನ್ನು ಬಳಸಿ, 1785ರಲ್ಲಿ ಗುಣವಾದವರ ಜೊತೆಗೆ ಗುಣವಾಗದವರ ವಿವರವನ್ನೂ ಮುಚ್ಚಿಡದೆ ಪುಸ್ತಕವಾಗಿ ಪ್ರಕಟಿಸಿದರು. ಮೂತ್ರ, ಹೊಟ್ಟೆ, ನಾಡಿ, ಕರುಳು ಇವುಗಳಲ್ಲಿ ಯಾವುದರ ಮೇಲಾದರೂ ಔಷಧದ ಪರಿಣಾಮ ಕಾಣಿಸಿಕೊಂಡ ಕೂಡಲೇ ಅದನ್ನು ನಿಲ್ಲಿಸಬೇಕೆಂಬುದು ಅವರ ನಿಯಮವಾಗಿತ್ತು. ಇದಕ್ಕಿಂತಲೂ ಬೆಲೆಯುಳ್ಳದ್ದು ರೋಗಿಗಳ ಲಕ್ಷಣಗಳನ್ನು ಅವರು ಗಮನಿಸಿದ ಬಗೆ: ನಾಡಿ ಬಿಗಿಯಾಗಿದ್ದು ಮುಖ ಕೆಂಪೇರಿದವರಿಗೆ ಈ ಔಷಧ ಹೆಚ್ಚಾಗಿ ಫಲಿಸದೆಂದೂ, ನಾಡಿ ಕ್ಷೀಣವಾಗಿ ಅಥವಾ ತಡೆತಡೆದು ಬಡಿಯುವ, ತುಟಿ ನೀಲಿಗಟ್ಟಿದ, ಮೈ ತಣ್ಣಗಾದವರಿಗೆ ಫಲಿಸುತ್ತದೆಂದೂ ಅವರು ಬರೆದರು. ಔಷಧದ ಮುಖ್ಯ ಗುಣ ಮೂತ್ರ ಹೊರಡಿಸುವುದೇ ಎಂದು ನಂಬಿದ್ದರೂ, ಹೃದಯದ ಚಲನೆಯ ಮೇಲೆ ಅದಕ್ಕಿರುವ ಹಿಡಿತ ಅವರ ಕಣ್ಣು ತಪ್ಪಲಿಲ್ಲ.

ಮುಂದಿನ ನೂರೈವತ್ತಕ್ಕೂ ಹೆಚ್ಚು ವರ್ಷ ನೀರು ತೆಗೆಯುವ ಕೆಲಸ ಒರಟಾಗಿಯೇ ಉಳಿಯಿತು. ವೈದ್ಯ ರೆಜಿನಾಲ್ಡ್ ಸೌದಿ 1877ರಲ್ಲಿ ರೂಪಿಸಿದ ಸಣ್ಣ ಕೊಳವೆಗಳನ್ನು ಊದಿದ ಕಾಲಿನ ಚರ್ಮದಡಿ ಚುಚ್ಚಿ ನೀರನ್ನು ತೊಟ್ಟಿಕ್ಕಿಸಲಾಗುತ್ತಿತ್ತು. ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಸಿಫಿಲಿಸ್ ರೋಗಕ್ಕೆಂದು ಕೊಟ್ಟ ಪಾದರಸದ ಚುಚ್ಚುಮದ್ದು ಮೂತ್ರವನ್ನು ವಿಪರೀತ ಹೆಚ್ಚಿಸಿದ್ದು ಆಕಸ್ಮಿಕವಾಗಿ ಕಂಡುಬಂದು, ಪಾದರಸವೇ ದಶಕಗಳ ಕಾಲ ಊತದ ಮದ್ದಾಯಿತು. 1958ರ ಹೊತ್ತಿಗೆ ಮೂತ್ರ ಹೊರಡಿಸುವ ಕ್ಲೋರೋಥಯಜೈಡ್ ಮಾತ್ರೆಯೂ, 1960ರ ದಶಕದಲ್ಲಿ ಫ್ಯೂರೋಸಿಮೈಡ್ ಕೂಡ ಬಂದ ಮೇಲೆ ಕೊಳವೆಯೂ ಪಾದರಸವೂ ಮೂಲೆ ಸೇರಿದವು.

ವಿದರಿಂಗ್ ಅವರ ಮದ್ದಿನ ನಿಜವಾದ ಪರೀಕ್ಷೆ ನಡೆದದ್ದು ಎರಡು ಶತಮಾನಗಳ ನಂತರ. ಸುಮಾರು 6,800 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಡಿಜಿಟಾಲಿಸ್‌ನಿಂದ ಪಡೆದ ಡಿಜಾಕ್ಸಿನ್ ಸಾವನ್ನು ತಗ್ಗಿಸದಿದ್ದರೂ ಆಸ್ಪತ್ರೆ ಸೇರುವ ಸಂದರ್ಭಗಳನ್ನು ತಗ್ಗಿಸಿತು. ಹೃದಯ ವೈಫಲ್ಯದಿಂದ ಹೀಗೆ ಆಸ್ಪತ್ರೆ ಸೇರುವವರು ಎಂಥವರೆಂಬುದನ್ನು ತಿಳಿಸಿದ್ದು ಅಮೆರಿಕದ ‘ಅಡ್‌ಹಿಯರ್’ ದಾಖಲೆ. ಅದರಲ್ಲಿದ್ದ ಒಂದು ಲಕ್ಷಕ್ಕೂ ಮೀರಿದ ಆಸ್ಪತ್ರೆ ದಾಖಲಾತಿಗಳಲ್ಲಿ ರೋಗಿಗಳ ಸರಾಸರಿ ವಯಸ್ಸು 72. ಸುಮಾರು ಅರ್ಧದಷ್ಟು ಮಂದಿಯಲ್ಲಿ ಹೃದಯ ಹಿಂಡುವ ಬಲ ಹೆಚ್ಚು ಕುಂದಿರಲಿಲ್ಲ. ಹೃದಯ ವೈಫಲ್ಯವೆಂದರೆ ಸಡಿಲಗೊಂಡ ಹೃದಯವೆಂದೇ ತಿಳಿದಿದ್ದ ವೈದ್ಯಲೋಕ ಈ ಅಂಕಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಯಿತು. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳು ಸಿದ್ಧಪಡಿಸಿದ ಇಂಥದೇ ದಾಖಲೆಯಲ್ಲಿ ರೋಗಿಗಳ ಸರಾಸರಿ ವಯಸ್ಸು ಸುಮಾರು 61 ಇತ್ತು.