ಎಲ್.ಎಂ.ಪಿ. ವೈದ್ಯರು: ಭಾರತದ ವೈದ್ಯಶಿಕ್ಷಣದ ಮುಚ್ಚಿಹೋದ ಒಂದು ದಾರಿ

ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶದ ಆರೋಗ್ಯಸೇವೆಗಳ ಸಮೀಕ್ಷೆಗೆ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ಹಾಕಿದ ಲೆಕ್ಕದಂತೆ ಬ್ರಿಟಿಷ್ ಭಾರತದ ನೋಂದಾಯಿತ ವೈದ್ಯರು 47,524 ಮಂದಿ. ಅವರಲ್ಲಿ ಪದವೀಧರರು 17,654. ಉಳಿದ 29,870 ಮಂದಿ ಪದವಿಯಿಲ್ಲದ ಲೈಸೆನ್ಷಿಯೇಟರು (ಲೈಸೆನ್ಷಿಯೇಟ್ ಮೆಡಿಕಲ್ ಪ್ರಾಕ್ಟೀಷನರ್), ಅಂದರೆ ಹಳ್ಳಿ ಪೇಟೆಗಳ ಜನ ‘ಎಲ್.ಎಂ.ಪಿ. ಡಾಕ್ಟರು’ ಎಂದು ಕರೆಯುತ್ತಿದ್ದವರು. ಸುಮಾರು 6,300 ಜನರಿಗೆ ಒಬ್ಬ ವೈದ್ಯನಿದ್ದ ಆ ಕಾಲದಲ್ಲಿ, ಪ್ರತಿ ಐವರು ವೈದ್ಯರಲ್ಲಿ ಮೂವರನ್ನು ಕೊಟ್ಟ ಶಿಕ್ಷಣಕ್ರಮವನ್ನೇ ನಿಲ್ಲಿಸಬೇಕೆಂದು ಸಮಿತಿಯ ಬಹುಮತ 1946ರಲ್ಲಿ ಶಿಫಾರಸು ಮಾಡಿತು. ಆ ನಿರ್ಧಾರದ ಬೇರು ಒಂದು ಶತಮಾನಕ್ಕೂ ಹಿಂದಿನದು.

1822ರಲ್ಲಿ ಕಲ್ಕತ್ತೆಯಲ್ಲಿ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್ ಆರಂಭವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಪಡೆಗಳಿಗೂ ಆಸ್ಪತ್ರೆಗಳಿಗೂ ‘ನೇಟಿವ್ ಡಾಕ್ಟರು’ಗಳನ್ನು ತಯಾರಿಸುವುದು ಅದರ ಕೆಲಸ. ಮೊದಲ ತಂಡದಲ್ಲಿದ್ದವರು 20 ವಿದ್ಯಾರ್ಥಿಗಳು. ಪಾಠ ದೇಶಭಾಷೆಗಳಲ್ಲಿ ನಡೆಯುತ್ತಿತ್ತು. ಅದಕ್ಕಾಗಿ ಪೀಟರ್ ಬ್ರೆಟನ್, ಅವರ ನಂತರ ಜಾನ್ ಟೈಟ್ಲರ್ ಪಠ್ಯಗಳನ್ನು ಸಿದ್ಧಪಡಿಸಿದರು. ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದದ ಜೊತೆಗೂ ಮದ್ರಸಾದಲ್ಲಿ ಯುನಾನಿಯ ಜೊತೆಗೂ ಯುರೋಪಿನ ಅಂಗರಚನಾಶಾಸ್ತ್ರವನ್ನು ಕಲಿಸುವ ಪ್ರಯತ್ನ ಅದೇ ದಶಕದಲ್ಲಿ ನಡೆಯಿತು. 1833ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ನೇಮಿಸಿದ ಸಮಿತಿ ಇವೆಲ್ಲವೂ ಸಾಲವು ಎಂದು ತೀರ್ಮಾನಿಸಿತು. 1835ರ ಜನವರಿ 28ರ ಆದೇಶದಿಂದ ಆ ಶಾಲೆಯೂ ಈ ಎರಡು ತರಗತಿಗಳೂ ರದ್ದಾದವು, ಇಂಗ್ಲಿಷ್ ಮಾಧ್ಯಮದ ಕಲ್ಕತ್ತಾ ಮೆಡಿಕಲ್ ಕಾಲೇಜು ಹುಟ್ಟಿತು. ಅದೇ ವರ್ಷ ಮದ್ರಾಸಿನಲ್ಲೂ ವೈದ್ಯಶಾಲೆ ತೆರೆಯಿತು. ಸಂಸ್ಕೃತ ಕಾಲೇಜಿನಿಂದ ಬಂದ ಪಂಡಿತ ಮಧುಸೂದನ ಗುಪ್ತರು 1836ರಲ್ಲಿ ಶವಚ್ಛೇದನ ಮಾಡಿದ್ದು ಚರಿತ್ರೆಯ ಪುಸ್ತಕಗಳಲ್ಲೆಲ್ಲ ಇದೆ. ಅದೇ ಗುಪ್ತರು ಮುಂದೆ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಬಂಗಾಳಿ ತರಗತಿಯ ಹೊಣೆಯನ್ನೂ ಹೊತ್ತರೆಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಎರಡನೆಯದೂ ಅಷ್ಟೇ ಮಹತ್ವದ್ದು. ರದ್ದುಮಾಡಿದ್ದನ್ನು ನಾಲ್ಕೇ ವರ್ಷಗಳಲ್ಲಿ, 1839ರಲ್ಲಿ, ಹಿಂದೂಸ್ತಾನಿ ತರಗತಿಯ ರೂಪದಲ್ಲಿ ಮತ್ತೆ ತರಬೇಕಾಯಿತು; 1850ರ ದಶಕದ ಆರಂಭದಲ್ಲಿ ಬಂಗಾಳಿ ತರಗತಿ ಸೇರಿತು. ಕೆಲವೇ ಪದವೀಧರರಿಂದ ಇಷ್ಟು ದೊಡ್ಡ ದೇಶದ ಡಿಸ್ಪೆನ್ಸರಿಗಳು ನಡೆಯುವಂತಿರಲಿಲ್ಲ.

ಹೀಗೆ ವೈದ್ಯಶಿಕ್ಷಣ ಎರಡು ಕವಲಾಯಿತು. ‘ಕಾಲೇಜು’ ಪದವಿ ಕೊಡುತ್ತಿತ್ತು, ‘ಸ್ಕೂಲು’ ಪರವಾನಗಿ ಕೊಡುತ್ತಿತ್ತು. ಮೆಟ್ರಿಕ್ ಮುಗಿಸಿದ ಹುಡುಗ ಸ್ಕೂಲಿನಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ ಓದಿ ಸಬ್-ಅಸಿಸ್ಟೆಂಟ್ ಸರ್ಜನ್ ಆಗುತ್ತಿದ್ದ ಇಲ್ಲವೇ ಸ್ವಂತ ಷಾಪು ಇಡುತ್ತಿದ್ದ. ಆಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದರೆ ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದವು. ಬೆಳಗಾವಿ ಸೀಮೆಯ ಮಗ್ಗುಲಲ್ಲೇ ಇರುವ ಮೀರಜಿನಲ್ಲಿ ವಿಲಿಯಂ ವಾನ್ಲೆಸ್ 1897ರಲ್ಲಿ ಮಿಷನ್ ವೈದ್ಯಶಾಲೆ ಆರಂಭಿಸಿದರು. ಮೈಸೂರು ಸಂಸ್ಥಾನದ ಪದವಿ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು.

ಸ್ಕೂಲುಗಳಿಂದ ಹೆಣ್ಣುಮಕ್ಕಳಿಗೆ ಆದ ಉಪಕಾರವನ್ನು ಇಲ್ಲಿ ನೆನೆಯಲೇಬೇಕು. 1918ರಲ್ಲಿ ವೆಲ್ಲೂರಿನಲ್ಲಿ ಐಡಾ ಸ್ಕಡರ್ ಮಹಿಳೆಯರಿಗಾಗಿ ತೆರೆದದ್ದು ಇಂಥದೇ ಲೈಸೆನ್ಷಿಯೇಟ್ ಶಾಲೆಯನ್ನು. ಗಂಡು ವೈದ್ಯರ ಮುಂದೆ ಕೂರಲು ಒಪ್ಪದೆ ಹೆರಿಗೆಯಲ್ಲಿ ಪ್ರಾಣ ಬಿಡುತ್ತಿದ್ದ ತಾಯಂದಿರ ಬಳಿಗೆ ಹೋಗಬಲ್ಲವರು ಬೇಗ ಬೇಕಾಗಿದ್ದರು. 1930ರ ದಶಕದ ಕೊನೆಯಲ್ಲಿ ಮದ್ರಾಸ್ ಸರ್ಕಾರ ಲೈಸೆನ್ಷಿಯೇಟ್ ತರಬೇತಿಯನ್ನು ನಿಲ್ಲಿಸಲು ಹೊರಟಾಗ ವೆಲ್ಲೂರಿಗೆ ಸಂಕಟ ಬಂತು. ಹೊಸ ವಿಭಾಗಗಳು, ಅಧ್ಯಾಪಕರು, ಹಣ ಎಲ್ಲವನ್ನೂ ಹೊಂದಿಸಿಕೊಂಡು ಅದು 1942ರಲ್ಲಿ ಎಂ.ಬಿ.ಬಿ.ಎಸ್.ಗೆ ಏರಿತು. ಅಷ್ಟು ಬೆಂಬಲ ಎಲ್ಲ ಸ್ಕೂಲುಗಳಿಗೂ ಇರಲಿಲ್ಲ.

ಲೈಸೆನ್ಷಿಯೇಟರಿಗೆ ಆದ ಅವಮಾನವೂ ಸಣ್ಣದಲ್ಲ. ರೋಗಿಯ ಪಾಲಿಗೆ ಅವರೇ ಡಾಕ್ಟರು. ಸರ್ಕಾರಿ ನೌಕರಿಯಲ್ಲಿ ಮಾತ್ರ ಸಂಬಳ, ಬಡ್ತಿ, ಹುದ್ದೆಯ ಹೆಸರು ಎಲ್ಲವೂ ಕೆಳಗಿನವು. 1933ರ ಭಾರತೀಯ ವೈದ್ಯಕೀಯ ಮಂಡಳಿ ಕಾಯಿದೆ ಅವರ ಅರ್ಹತೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳಲೇ ಇಲ್ಲ. ಅವರದೇ ಸಂಘ ವರ್ಷಗಟ್ಟಲೆ ಸಮಾನ ಮನ್ನಣೆಗಾಗಿ ಹೋರಾಡಿತ್ತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಅದಕ್ಕೆ ಸಿಕ್ಕ ಉತ್ತರ ವಿಚಿತ್ರ: ಇದ್ದವರಿಗೆ ಮೇಲೇರುವ ಅವಕಾಶ ಮಾಡಿಕೊಟ್ಟು, ಅವರು ಬಂದ ದಾರಿಯನ್ನೇ ಮುಚ್ಚಲಾಯಿತು.

ಭೋರ್ ಸಮಿತಿಯ ಆಶಯವನ್ನು ಹಗುರಾಗಿ ಕಾಣುವಂತಿಲ್ಲ. ಬಡವನಿಗೊಂದು ದರ್ಜೆಯ ವೈದ್ಯ, ಉಳ್ಳವನಿಗೊಂದು ದರ್ಜೆಯವನು ಇರಬಾರದು. ಎಲ್ಲರಿಗೂ ಒಂದೇ ಮಟ್ಟದ ‘ಮೂಲ ವೈದ್ಯ’ ಸಿಗಬೇಕು, ಅವನಿಗೆ ರೋಗತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿ ಇರಬೇಕು ಎಂಬುದು ಅದರ ನಿಲುವು. ಸಮಿತಿಯೊಳಗೇ ಕೆಲವು ಸದಸ್ಯರು ಭಿನ್ನಮತ ದಾಖಲಿಸಿ, ವೈದ್ಯರ ಕೊರತೆ ನೀಗುವ ತನಕ ಲೈಸೆನ್ಷಿಯೇಟ್ ಶಿಕ್ಷಣ ಉಳಿಯಲಿ ಎಂದರು. ಅವರ ಮಾತು ನಡೆಯಲಿಲ್ಲ. ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋದವೆಂದು ನನಗೆ ತೋರುತ್ತದೆ: ವೈದ್ಯರ ನಡುವಿನ ತಾರತಮ್ಯ ಹೋಗಬೇಕೆಂಬುದು ಒಂದು, ಹಳ್ಳಿಯಲ್ಲಿ ನಿಂತು ಕೆಲಸ ಮಾಡುವವರನ್ನು ಹೇಗೆ ತಯಾರಿಸಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ಕೊಟ್ಟ ಪರಿಹಾರವನ್ನೇ ಎರಡನೆಯದಕ್ಕೂ ಸಾಕೆಂದುಕೊಂಡೆವು. ಐದೂವರೆ ವರ್ಷ ಕಾಲೇಜು ಆಸ್ಪತ್ರೆಯಲ್ಲಿ, ಪ್ರಯೋಗಾಲಯ ಮತ್ತು ತಜ್ಞರ ನಡುವೆ ಕಲಿತ ಪದವೀಧರ ಆ ಅನುಕೂಲಗಳಿಲ್ಲದ ಊರಿನಲ್ಲಿ ನಿಲ್ಲದಿದ್ದರೆ ಅದನ್ನು ಅವನ ಗುಣದೋಷವೆಂದಷ್ಟೇ ಹೇಳಲಾಗದು. ಅವನ ಕಲಿಕೆಯೇ ಹಾಗೆ ರೂಪುಗೊಂಡಿತ್ತು.

ಖಾಲಿ ಉಳಿದ ಜಾಗವನ್ನು ತುಂಬಲು ಸರ್ಕಾರಗಳು ಮತ್ತೆ ಮತ್ತೆ ಯತ್ನಿಸಿವೆ. 1977ರಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ ಬಂತು. 2001ರಲ್ಲಿ ಛತ್ತೀಸಗಢ ಮೂರು ವರ್ಷದ ಕೋರ್ಸು ಆರಂಭಿಸಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 32ನೇ ಕಲಮು ಸೀಮಿತ ಪರವಾನಗಿಯ ಸಮುದಾಯ ಆರೋಗ್ಯ ಸೇವಕರಿಗೆ ಅವಕಾಶ ಕೊಟ್ಟಾಗ ಭಾರತೀಯ ವೈದ್ಯಕೀಯ ಸಂಘ ಮುಷ್ಕರ ಹೂಡಿತು. ಅಸ್ಸಾಂ 2004ರ ಕಾಯಿದೆಯ ಮೂಲಕ ಗ್ರಾಮೀಣ ಆರೋಗ್ಯ ಡಿಪ್ಲೊಮಾ ನಡೆಸಿತ್ತು. ಅಂಥ ವೈದ್ಯಶಿಕ್ಷಣದ ಮಟ್ಟ ನಿರ್ಧರಿಸುವ ಅಧಿಕಾರ ರಾಜ್ಯಕ್ಕಿಲ್ಲವೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಾಯಿದೆಯನ್ನು ಅಸಿಂಧುಗೊಳಿಸಿದ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಆದರೆ ಅದೇ ಡಿಪ್ಲೊಮಾ ಪಡೆದವರನ್ನು ಸಮುದಾಯ ವೃತ್ತಿಪರರೆಂದು ದುಡಿಸಿಕೊಳ್ಳುವ 2015ರ ಅಸ್ಸಾಂ ಕಾಯಿದೆಯನ್ನು ಸುಪ್ರೀಂ ಕೋರ್ಟಿನ ಅದೇ ತೀರ್ಪು ಮಾನ್ಯಮಾಡಿತು.