ಎ. ಪಿ. ಆರ್. ಎಸ್. ಎಂಬ ಹೆಸರಿನ ವಿಚಾರ

ಹವ್ಯಾಸಿ ರೇಡಿಯೋ ಬಳಗದಲ್ಲಿ ಎ. ಪಿ. ಆರ್. ಎಸ್. ಎಂದು ಪ್ರಸಿದ್ಧವಾಗಿರುವ ವಾರ್ತಾಪದ್ಧತಿಯು ವಾಹನಾದಿಗಳ ಇರವನ್ನು ನಕ್ಷೆಯ ಮೇಲೆ ತೋರಿಸುವ ಉಪಾಯವೆಂದೇ ಬಹುಮಂದಿಯ ಗ್ರಹಿಕೆ. ಈ ಹೆಸರಿನ 'ಪಿ' ಅಕ್ಷರವನ್ನು 'ಪೊಸಿಷನ್', ಎಂದರೆ ಸ್ಥಾನ, ಎಂದು ಕೆಲವರು ಬಿಡಿಸುವರು. 'ಪ್ಯಾಕೆಟ್', ಎಂದರೆ ಪೊಟ್ಟಣ, ಎಂದು ಮತ್ತೆ ಕೆಲವರು. ಎರಡಕ್ಕೂ ಪ್ರಯೋಗವುಂಟು. ಯಾವುದು ಪದ್ಧತಿಯ ಸ್ವರೂಪಕ್ಕೆ ಒಪ್ಪುವುದೆಂಬುದು ಅದರ ಚರಿತ್ರೆಯಿಂದಲೇ ನಿರ್ಣಯವಾಗತಕ್ಕದ್ದು.

ಇದರ ಕರ್ತೃ ಅಮೆರಿಕಾ ಸಂಯುಕ್ತ ಸಂಸ್ಥಾನದ ನೌಕಾ ವಿದ್ಯಾಲಯದಲ್ಲಿ ಸಂಶೋಧಕ ಎಂಜಿನಿಯರಾಗಿದ್ದ ಬಾಬ್ ಬ್ರೂನಿಂಗ. ಇವರು 1982ರಲ್ಲಿ ಆ್ಯಪಲ್ 2 ಗಣಕಯಂತ್ರದ ಮೇಲೆ ನೌಕಾಪಡೆಯ ಸ್ಥಾನವಾರ್ತೆಗಳನ್ನು ನಕ್ಷೆಗೆ ಇಳಿಸಿದರು. 1984ರಲ್ಲಿ ವಿಕ್ 20 ಎಂಬ ಯಂತ್ರದ ನೆರವಿನಿಂದ 100 ಮೈಲಿಯ ಕುದುರೆ ಓಟವೊಂದರ ವಾರ್ತೆಯನ್ನು ಒದಗಿಸಿದರು. ಹಾಗಾದರೆ ಆದಿಯಿಂದಲೂ ಸ್ಥಾನವೇ ಪ್ರಧಾನವಲ್ಲವೆ ಎಂಬುದು ಪೂರ್ವಪಕ್ಷ. ಅದು ನಿಲ್ಲಲಾರದು. ಆ ಓಟದಲ್ಲಿ ಕುದುರೆಗಳ ಸ್ಥಾನದೊಡನೆ ಸ್ಥಿತಿಯೂ ವರದಿಯಾಗುತ್ತಿತ್ತು. ಅಲ್ಲದೆ ಮುಂದಿನ ಎರಡು ವರ್ಷಗಳಲ್ಲಿ ಕರ್ತೃವೇ ಇಟ್ಟ ಹೆಸರು 'ಕನೆಕ್ಷನ್‌ಲೆಸ್ ಎಮರ್ಜೆನ್ಸಿ ಟ್ರಾಫಿಕ್ ಸಿಸ್ಟಮ್', ಎಂದರೆ ಮುಂಚಿತವಾಗಿ ಸಂಪರ್ಕವನ್ನು ಕಟ್ಟಿಕೊಳ್ಳದೆಯೇ ಆಪತ್ಕಾಲದ ವಾರ್ತೆಯನ್ನು ಸಾಗಿಸುವ ಪದ್ಧತಿ. ಇದರಲ್ಲಿ ಸ್ಥಾನವಾಚಕವಾದ ಶಬ್ದವೇ ಇಲ್ಲ. 'ಪೊಸಿಷನ್' ಎಂಬುದು ಹೆಸರಿಗೆ ಸೇರಿದ್ದು ಆಮೇಲೆ. 1990ರ ದಶಕದಲ್ಲಿ ಉಪಗ್ರಹಗಳಿಂದ ಸ್ಥಾನವನ್ನರಿಯುವ ಜಿಪಿಎಸ್ ಸಾಧನಗಳು ಸುಲಭವಾದಂತೆ ಅದು ಬಿಟ್ಟುಹೋಗಿ, ಪದ್ಧತಿಯ ವ್ಯಾಪಕತೆಯನ್ನು ಸೂಚಿಸಲು 'ಪ್ಯಾಕೆಟ್' ಬಂದಿತು. ಅಕ್ಷರಗಳು ಮಾತ್ರ ಬದಲಾಗಲಿಲ್ಲ. ಅವು ಬ್ರೂನಿಂಗರ ರೇಡಿಯೋ ಸಂಕೇತನಾಮವಾದ ಡಬ್ಲ್ಯುಬಿ4ಎಪಿಆರ್ ಎಂಬುದರ ಕಡೆಯ ಮೂರು ಅಕ್ಷರಗಳಿಂದ ಹುಟ್ಟಿದವು; ಅರ್ಥವೇ ಅಕ್ಷರಗಳನ್ನು ಅನುಸರಿಸಿ ನಡೆದ ವಿನೋದವಿದು.

ಪದ್ಧತಿಯ ನಡೆ ಡಂಗುರದಂತೆ. ಉತ್ತರ ಅಮೆರಿಕಾದಲ್ಲಿ 144.39, ಯೂರೋಪಿನಲ್ಲಿ 144.80 ಮೆಗಾಹರ್ಟ್ಸ್ ಎಂಬ ಒಂದೇ ಕಂಪನಾಂಕದಲ್ಲಿ ಸೆಕೆಂಡಿಗೆ 1200 ಬಿಟ್‌ಗಳ ವೇಗದಿಂದ ಪೊಟ್ಟಣವು ಹೊರಡುವುದು. ಎತ್ತರದಲ್ಲಿರುವ ಮರುಪ್ರಸಾರ ಕೇಂದ್ರಗಳು ಅದನ್ನು ಮತ್ತೆ ಸಾರುವುವು. ಹವಾಮಾನ, ಪ್ರಕಟಣೆ, ಒಬ್ಬನನ್ನೇ ಉದ್ದೇಶಿಸಿದ ಸಂದೇಶ, ಎಲ್ಲವೂ ಇದರಲ್ಲಿ ಅಡಕ. ಸಂದೇಶಕ್ಕೆ ಸ್ವೀಕೃತಿಯನ್ನು ಕಳುಹಿಸುವ ಏರ್ಪಾಡೂ ಉಂಟು.

ಈ ಡಂಗುರವು ಊರಿನ ಎಲ್ಲೆಯನ್ನು ದಾಟಿದ್ದು ಐಗೇಟ್ ಎಂಬ ದ್ವಾರಕೇಂದ್ರಗಳಿಂದ. ಸ್ಟೀವ್ ಡಿಮ್ಸ್ ಎಂಬುವರು 1990ರ ದಶಕದ ಉತ್ತರಾರ್ಧದಲ್ಲಿ ಇಂಟರ್ನೆಟ್ಟಿನ ಮೇಲೆ ಇದಕ್ಕೊಂದು ಜಾಲವನ್ನು ಏರ್ಪಡಿಸಿದರು. ದ್ವಾರಕೇಂದ್ರವು ತನಗೆ ಕೇಳಿಸಿದ ಪೊಟ್ಟಣವನ್ನು ಜಾಲಕ್ಕೆ ಒಪ್ಪಿಸುವುದು. ಒಂದನ್ನೇ ಹಲವು ದ್ವಾರಗಳು ತಂದರೆ ಜಾಲದ ಯಂತ್ರಗಳು ಪುನರುಕ್ತಿಯನ್ನು ತಳ್ಳಿಬಿಡುವುವು. ಹಿಂದಿರುಗುವ ದಾರಿ ಇಷ್ಟು ಸಲೀಸಲ್ಲ. ಲೋಕದ ವಾರ್ತೆಯನ್ನೆಲ್ಲ ಒಂದು ಸಣ್ಣ ಕಂಪನಾಂಕಕ್ಕೆ ಸುರಿದರೆ ಯಾರ ಮಾತೂ ಕೇಳದು; ಆದುದರಿಂದ ತನ್ನ ನೆರೆಯಲ್ಲಿ ಇತ್ತೀಚೆಗೆ ದನಿಗೊಟ್ಟವನಿಗೆ ಬಂದ ಸಂದೇಶವನ್ನು ಮಾತ್ರ ದ್ವಾರವು ರೇಡಿಯೋವಿಗೆ ಇಳಿಸುವ ಕಟ್ಟಳೆ ಏರ್ಪಟ್ಟಿತು.

ಕೇಳಿಸಿಕೊಳ್ಳುವುದನ್ನು ಬಿಟ್ಟು ಪ್ರಸಾರಮಾಡದ ದ್ವಾರಗಳೂ ಅನೇಕ. ಅಲ್ಪವೆಚ್ಚದಲ್ಲಿ ಅವನ್ನು ನಿಲ್ಲಿಸಬಹುದು; ನಕ್ಷೆಗೆ ಅಷ್ಟೇ ಸಾಕು. ಆದರೆ ಅಂತಹ ದ್ವಾರವೊಂದೇ ಇರುವ ಸೀಮೆಯಲ್ಲಿ ಸಂಚರಿಸುವವನು ಲೋಕಕ್ಕೆಲ್ಲ ಕಾಣಿಸುವನು, ದೂರದಿಂದ ಅವನಿಗೆ ಕಳುಹಿಸಿದ ಮಾತು ಅವನನ್ನು ಮುಟ್ಟದು. ಆಪತ್ಕಾಲಕ್ಕೆಂದು ಹೆಸರಿಟ್ಟವನ ಅಭಿಪ್ರಾಯಕ್ಕೆ ಇದು ವಿರುದ್ಧವೆಂದೇ ಹೇಳಬೇಕು. ಬ್ರೂನಿಂಗರು 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ದ್ವಾರಗಳ ಈ ಭೇದವನ್ನು ಪೊಟ್ಟಣದ ಮೇಲಣ ಗುರುತೇ ತಿಳಿಸುವುದು: ಸಂದೇಶವನ್ನು ಹಿಂದಿರುಗಿಸಬಲ್ಲ ದ್ವಾರದಿಂದ ಬಂದುದಕ್ಕೆ 'ಕ್ಯುಎಆರ್', ಕೇವಲ ಕೇಳುವ ದ್ವಾರದಿಂದ ಬಂದುದಕ್ಕೆ 'ಕ್ಯುಎಓ'.